ಕೊನೆ ಗೊತ್ತಿದ್ದರೂ ಕೂರಿಸಿಕೊಂಡ ಥ್ರಿಲ್ಲರ್‌ಗಳು

ಈಚಿನ ಥ್ರಿಲ್ಲರ್‌ಗಳಲ್ಲಿ ಟ್ವಿಸ್ಟ್ ಚೆನ್ನಾಗಿರೋದು ಯಾವುದು ಅಂತ ಕೇಳಿದ್ದೀರಿ. ಟ್ವಿಸ್ಟ್ ವಿಷಯದಲ್ಲಿ ನನ್ನ ಹಣೆಬರಹ ಸರಿ ಇಲ್ಲ. ಮನೆಯಲ್ಲಿ ತಮ್ಮ ಮೊದಲೇ ನೋಡಿಕೊಂಡು ಬಂದು ಊಟದ ಹೊತ್ತಿಗೆ ಪೂರ್ತಿ ಕಥೆ ಒದರಿಬಿಡುತ್ತಾನೆ. ಹಾಗಾಗಿ ಕೊನೆ ಗೊತ್ತಿದ್ದರೂ ನನ್ನನ್ನು ಕೂರಿಸಿಕೊಂಡವನ್ನಷ್ಟೇ ಹೇಳುತ್ತೇನೆ.

ಮೊದಲಿಗೆ 'ಶಾಖಾಹಾರಿ' (2024). ಮಲೆನಾಡಿನ ಒಂದು ಪುಟ್ಟ ಸಸ್ಯಾಹಾರಿ ಹೋಟೆಲು, ಅದನ್ನು ನಡೆಸುವ ಸುಬ್ಬಣ್ಣ. ಕೊಲೆ ಆರೋಪ ಹೊತ್ತು ಪೊಲೀಸರಿಂದ ತಪ್ಪಿಸಿಕೊಂಡ ಹುಡುಗನೊಬ್ಬ ಗಾಯ ಮಾಡಿಕೊಂಡು ಅಲ್ಲಿಗೆ ಬಂದು ಸೇರುತ್ತಾನೆ. ಒಳಗೆ ಒಬ್ಬನನ್ನು ಬಚ್ಚಿಟ್ಟುಕೊಂಡು ಹೊರಗೆ ಗಿರಾಕಿಗೆ ಏನು ಬೇಕು ಅಂತ ಕೇಳಬೇಕಲ್ವಾ, ಆ ಫಜೀತಿಯೇ ಇಡೀ ಸಿನಿಮಾದ ಜೀವ. ರಂಗಾಯಣ ರಘು ಅಂದರೆ ನನಗೆ ಗಂಟಲು ಹರಿಯುವಂತೆ ಕೂಗಾಡುವ ಪಾತ್ರಗಳೇ ನೆನಪಾಗುತ್ತಿದ್ದವು. ಇಲ್ಲಿ ಸುಬ್ಬಣ್ಣನಾಗಿ ಅವರು ಕೂಗುವುದೇ ಇಲ್ಲ. ಭಯವೆಲ್ಲ ಕಣ್ಣಲ್ಲೇ ಇದೆ. ಗೋಪಾಲಕೃಷ್ಣ ದೇಶಪಾಂಡೆ ಮಾಡಿರುವ ಪೊಲೀಸ್ ಕೂಡ ಮೀಸೆ ತಿರುವುವವನಲ್ಲ, ಸುಸ್ತಾದ ಮನುಷ್ಯ. ಮೊದಲರ್ಧ ನಿಧಾನ, ನಿಜ. ನನಗೆ ಅದು ಬೇಜಾರಾಗಲಿಲ್ಲ.

ತಮಿಳಿನ 'ಮಹಾರಾಜ' (2024) ಶುರುವಾಗುವ ರೀತಿ ಭಾರಿ ಮಜಾ. ಕ್ಷೌರದ ಅಂಗಡಿಯವನು ಠಾಣೆಗೆ ಬಂದು ಲಕ್ಷ್ಮಿ ಕಳುವಾಗಿದ್ದಾಳೆ ಅಂತಾನೆ. ಲಕ್ಷ್ಮಿ ಅಂದರೆ ಕಸದ ಡಬ್ಬ! ವಿಜಯ್ ಸೇತುಪತಿ ಅದನ್ನು ಒಂಚೂರೂ ನಗದೆ ಹೇಳುತ್ತಾರೆ. ಆದರೆ ಕಾಲವನ್ನು ಹಿಂದೆಮುಂದೆ ಮಾಡಿ, ಯಾರದೋ ನೋವನ್ನು ಕೊನೆಯ ಗುಟ್ಟಿಗೋಸ್ಕರ ಮುಚ್ಚಿಟ್ಟು ಆಟ ಆಡಿಸಿದ್ದು ನನಗೆ ಹಿಡಿಸಲಿಲ್ಲ. ಎಲ್ಲರೂ ಹೊಗಳಿದರು, ನಾನು ಅರ್ಧ ಮಾತ್ರ ಹೊಗಳುತ್ತೇನೆ.

ಸುದೀಪ್ ಅವರ 'ಮ್ಯಾಕ್ಸ್' ಒಂದೇ ರಾತ್ರಿಯ ಕಥೆ. ಠಾಣೆಯೊಳಗೆ ಇರುವಷ್ಟು ಹೊತ್ತು ಬಿಗಿ, ಆಮೇಲೆ ಸುಮ್ನೆ ಹೊಡೆದಾಟ.

ನಗು ಜಾಸ್ತಿ ಬೇಕಿದ್ದರೆ 'ಸು ಫ್ರಮ್ ಸೋ' (2025) ನೋಡಿ. ಸೋಮೇಶ್ವರದ ಸುಲೋಚನಾ ಅನ್ನೋ ದೆವ್ವದ ಹೆಸರನ್ನೇ ಹಾಗೆ ಚಿಕ್ಕದು ಮಾಡಿದ್ದಾರೆ. ದೆವ್ವಕ್ಕಿಂತ ಆ ಕರಾವಳಿ ಊರಿನ ಜನರೇ ಚೆಂದ.

'ಬ್ಲಿಂಕ್' (2024) ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಕಥೆ. ದುಡ್ಡು ಕಮ್ಮಿ, ತಲೆ ಜಾಸ್ತಿ. ಒಂದೆರಡು ಗಂಟು ನನಗೆ ಬಿಚ್ಚಲೇ ಇಲ್ಲ. ತಮ್ಮ ಇದನ್ನೂ ಊಟಕ್ಕೆ ಕೂತಾಗ ಹೇಳೋಕೆ ಹೊರಟ. ಯಾರು ಯಾವ ವರ್ಷದಲ್ಲಿದ್ದಾರೆ ಅಂತ ಅಮ್ಮ ಎರಡು ಸಲ ಕೇಳಿದರು. ಸಾರು ಆರಿತು, ಅವನು ಅರ್ಧಕ್ಕೇ ಬಿಟ್ಟ.