ಬಟ್ಟಲು, ಹಾಡು, ವಾದ: ಗ್ರೀಕರ ಪಾನಗೋಷ್ಠಿಯನ್ನು ಕುರಿತು ಓದುಗರೊಬ್ಬರಿಗೆ ಉತ್ತರ

(ಪ್ರಾಚೀನ ಗ್ರೀಕರ ಪಾನಗೋಷ್ಠಿಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಧಾರವಾಡದ ಓದುಗರೊಬ್ಬರು ಆಕ್ಷೇಪ ಬರೆದಿದ್ದಾರೆ. ಚಿತ್ರ, ಸಂಗೀತ, ತತ್ತ್ವಚಿಂತನೆಗಳ ಹೊದಿಕೆ ಹೊದಿಸಿದ ಮಾತ್ರಕ್ಕೆ ಕುಡಿತ ಸಂಸ್ಕೃತಿಯಾಗಿಬಿಡುವುದೇ ಎಂಬುದು ಅವರ ಮೊದಲ ಪ್ರಶ್ನೆ. ತತ್ತ್ವಜ್ಞಾನಿಗಳೇ ಕುಡಿತವನ್ನು ಹೊಗಳಿದ್ದರೆ ಅವರನ್ನು ನಾವೇಕೆ ಗೌರವಿಸಬೇಕು, ಕನ್ನಡದ ಓದುಗರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂಬುವು ಉಳಿದ ಎರಡು.)

ಮಾನ್ಯರೇ,

ಮದ್ಯದಿಂದ ಹಾಳಾದ ಸಂಸಾರಗಳನ್ನು ಹತ್ತಿರದಿಂದ ನೋಡಿದ್ದೇನೆ ಎಂದು ನೀವು ಬರೆದಿದ್ದೀರಿ. ಆ ಅನುಭವದ ಎದುರು ಅಥೆನ್ಸಿನ ಸಿರಿವಂತರ ಸಂಜೆಗಳನ್ನು ಮೆಚ್ಚಿ ಬರೆಯುವುದು ಸುಲಭವಲ್ಲ, ಸುಲಭವಾಗಲೂ ಬಾರದು. ಆದರೂ ನಿಮ್ಮ ಮೊದಲ ಪ್ರಶ್ನೆಯಲ್ಲಿರುವ ಊಹೆಯನ್ನು ನಾನು ಒಪ್ಪಲಾರೆ. ಆ ಗೋಷ್ಠಿಗಳಲ್ಲಿ ಚಿತ್ರ, ಹಾಡು, ಮಾತುಗಳು ವೈನಿಗೆ ತೊಡಿಸಿದ ಒಡವೆಗಳಾಗಿರಲಿಲ್ಲ. ವೈನನ್ನು ಅಂಕೆಯಲ್ಲಿಡುವ ಹೊಣೆಯನ್ನೇ ಅವುಗಳಿಗೆ ವಹಿಸಲಾಗಿತ್ತು.

ಗೋಷ್ಠಿ ನಡೆಯುತ್ತಿದ್ದ ಬಗೆಯನ್ನು ನೋಡಿ. ಊಟ ಮುಗಿದು, ದೇವತೆಗಳಿಗೆ ಅರ್ಪಿಸಿ, ಸ್ತುತಿ ಹಾಡಿದ ಮೇಲೆ ಪಾನ ಆರಂಭವಾಗುತ್ತಿತ್ತು. ಸಣ್ಣದೊಂದು ಕೋಣೆಯ ಗೋಡೆಗಳ ಉದ್ದಕ್ಕೂ ಸಾಮಾನ್ಯವಾಗಿ 7ರಿಂದ 15 ಮಂಚಗಳಿರುತ್ತಿದ್ದವು; ಅವುಗಳ ಮೇಲೆ ಒರಗಿದವರಲ್ಲಿ ಪ್ರತಿಯೊಬ್ಬರಿಗೂ ಉಳಿದವರೆಲ್ಲರ ಮುಖ ಕಾಣಿಸುತ್ತಿತ್ತು, ಮಾತು ಕೇಳಿಸುತ್ತಿತ್ತು. ನಡುವೆ ಕ್ರೇಟರ್ ಎಂಬ ಅಗಲ ಬಾಯಿಯ ದೊಡ್ಡ ಪಾತ್ರೆ. ವೈನಿಗೆ ನೀರು ಬೆರೆಸುತ್ತಿದ್ದುದು ಅದರಲ್ಲಿ: 1 ಪಾಲು ವೈನಿಗೆ 2 ಅಥವಾ 3 ಪಾಲು ನೀರು, ಇಲ್ಲವೇ 2 ಪಾಲಿಗೆ 5 ಪಾಲು. ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣವೆಂದು ಗ್ರೀಕರು ಭಾವಿಸಿದ್ದರು. ಎಷ್ಟು ನೀರು, ಎಷ್ಟು ಸುತ್ತು ಎಂಬುದು ಒಬ್ಬೊಬ್ಬರ ಬಾಯಾರಿಕೆಗೆ ಬಿಟ್ಟ ವಿಷಯವಾಗಿರಲಿಲ್ಲ. ಗೋಷ್ಠಿಯ ಮೇಲ್ವಿಚಾರಣೆಗೆಂದು ಆರಿಸಿದವನು ಅದನ್ನು ನಿರ್ಧರಿಸುತ್ತಿದ್ದ. ಯೂಬುಲಸ್ ಎಂಬ ಪ್ರಹಸನಕಾರನ ಒಂದು ತುಣುಕಿನಲ್ಲಿ ವೈನಿನ ದೇವತೆ ಡಯೊನೈಸಸನೇ ವಿವೇಕಿಗಳಿಗೆ 3 ಪಾತ್ರೆಗಳ ಮಿತಿ ಹಾಕುತ್ತಾನೆ. ಮೊದಲನೆಯದು ಆರೋಗ್ಯಕ್ಕೆ, ಎರಡನೆಯದು ಪ್ರೀತಿ ಮತ್ತು ಸುಖಕ್ಕೆ, ಮೂರನೆಯದು ನಿದ್ದೆಗೆ. ನಾಲ್ಕನೆಯದು ತನ್ನದಲ್ಲ, ಸೊಕ್ಕಿನದು ಎನ್ನುತ್ತಾನೆ. ಅಲ್ಲಿಂದ ಮುಂದಿನವು ಕೂಗಾಟ, ಬೀದಿ ಗದ್ದಲ, ಹೊಡೆದಾಟಗಳ ದಾರಿಯಲ್ಲಿ ಸಾಗಿ ಹತ್ತನೆಯದರಲ್ಲಿ ಹುಚ್ಚಿಗೆ ಮುಟ್ಟುತ್ತವೆ.

ಇನ್ನು ಚಿತ್ರಗಳು. ನಮ್ಮ ಲೇಖನದಲ್ಲಿ ನಿಮಗೆ ಅತಿರೇಕವೆನಿಸಿದ ಭಾಗ ಇದೇ. ನನಗೆ ಅತ್ಯಂತ ಪ್ರಿಯವಾದದ್ದೂ ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕ್ರಿ.ಪೂ. 530ರ ಸುಮಾರಿಗೆ ಅಥೆನ್ಸಿನ ಎಕ್ಸೀಕಿಯಾಸ್ ಎಂಬ ಕುಂಬಾರ-ಚಿತ್ರಕಾರ ಮಾಡಿದ ಬಟ್ಟಲೊಂದು ಈಗ ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಒಳಗೆ, ಕೆಂಪು ನೆಲೆಯ ಮೇಲೆ, ಡಯೊನೈಸಸ್ ಒಬ್ಬನೇ ದೋಣಿಯಲ್ಲಿ ಒರಗಿದ್ದಾನೆ. ಪಟಸ್ತಂಭವನ್ನು ಬಳಸಿ ಮೇಲೆದ್ದ ದ್ರಾಕ್ಷಿಬಳ್ಳಿಯಿಂದ 7 ಗೊಂಚಲುಗಳು ಇಳಿಬಿದ್ದಿವೆ, ದೋಣಿಯ ಸುತ್ತ 7 ಡಾಲ್ಫಿನ್‌ಗಳು ಈಜುತ್ತಿವೆ. ಬಟ್ಟಲು ತುಂಬಿರುವಾಗ ಈ ಚಿತ್ರ ಕಪ್ಪು ವೈನಿನ ಅಡಿಯಲ್ಲಿ ಮುಳುಗಿರುತ್ತದೆ. ಕುಡಿಯುತ್ತ ಹೋದಂತೆ ದೇವರು, ದೋಣಿ, ಕಡಲು ಒಂದೊಂದಾಗಿ ಹೊರಬರುತ್ತವೆ. ಗಟಗಟನೆ ಕುಡಿದು ಕೆಳಗಿಡುವವನಿಗೆ ಈ ಅನುಭವ ದಕ್ಕುವುದಿಲ್ಲ. ಹೊರಮೈಯಲ್ಲಿ ಎರಡು ದೊಡ್ಡ ಕಣ್ಣುಗಳಿವೆ. ಕುಡಿಯುವವನು ಬಟ್ಟಲನ್ನು ಎತ್ತಿದಾಗ ಎದುರಿನವರಿಗೆ ಅವನ ಮುಖ ಮರೆಯಾಗಿ ಒಂದು ಮುಖವಾಡವೇ ಕಾಣಿಸುತ್ತದೆ: ಕುಡಿದವನು ತಾನಾಗಿ ಉಳಿಯುವುದಿಲ್ಲ ಎಂಬ ಎಚ್ಚರಿಕೆಯನ್ನು ನಾನು ಅದರಲ್ಲಿ ಓದುತ್ತೇನೆ. ಇದು ನನ್ನ ವ್ಯಾಖ್ಯಾನವಷ್ಟೇ ಎನ್ನುವುದಾದರೆ, ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿರುವ ಮತ್ತೊಂದು ಬಟ್ಟಲಿಗೆ ವ್ಯಾಖ್ಯಾನವೇ ಬೇಡ. ವಿದ್ವಾಂಸರು ಬ್ರೈಗೋಸ್ ಚಿತ್ರಕಾರ ಎಂದು ಗುರುತಿಸುವವನ ಕೃತಿ ಅದು. ಹೊರಗಡೆ ಕುಡಿದು ಕುಣಿಯುವ ಮೆರವಣಿಗೆ. ಒಳಗಡೆ, ನಟ್ಟನಡುವೆ, ವಾಂತಿ ಮಾಡುತ್ತಿರುವ ತರುಣ ಮತ್ತು ಅವನ ತಲೆಯನ್ನು ಹಿಡಿದು ನಿಂತ ಹೆಣ್ಣು. ಬಟ್ಟಲನ್ನು ಬರಿದು ಮಾಡಿದವನಿಗೆ ಅದರ ತಳದಲ್ಲಿ ಕಾಣುವುದು ಇದು.

ಸಂಗೀತವೂ ಹೀಗೆಯೇ ಪರೀಕ್ಷೆಯಾಗಿತ್ತು. ಲೈರ್ ಎಂಬ ತಂತಿವಾದ್ಯ ಕೈಯಿಂದ ಕೈಗೆ ಬರುತ್ತಿತ್ತು. ಮಿರ್ಟಲ್ ಗಿಡದ ಟೊಂಗೆ ಹಿಡಿದವನು ಹಾಡನ್ನು ಮುಂದುವರಿಸಬೇಕಾಗುತ್ತಿತ್ತು. ನಾಲಗೆ ತೊದಲುವವನು ಎಲ್ಲರ ಎದುರಿಗೇ ಸಿಕ್ಕಿಬೀಳುತ್ತಿದ್ದ. ಲೈರ್ ನುಡಿಸಲು ಒಪ್ಪದ ಥೆಮಿಸ್ಟೊಕ್ಲೀಸನಂಥ ಸೇನಾನಿಯನ್ನೂ ಶಿಕ್ಷಣ ಸಾಲದವನೆಂದು ಎಣಿಸಿದರಂತೆ.

ಆದರೆ ಸಂಗೀತದ ಮಾತು ಬಂದಾಗ, ನಿಮ್ಮ ಪತ್ರದಲ್ಲಿ ಇಲ್ಲದ, ನಿಮ್ಮ ಆಕ್ಷೇಪಗಳಿಗಿಂತ ಭಾರವಾದ ಇನ್ನೊಂದು ಆಕ್ಷೇಪವನ್ನು ಎತ್ತಲೇಬೇಕು. ಔಲೋಸ್ ಎಂಬ ಜೋಡಿ ಕೊಳವೆಯ ವಾದ್ಯವನ್ನು ಊದಲು ಬರುತ್ತಿದ್ದವರು ಬಾಡಿಗೆಯ ಹೆಣ್ಣುಮಕ್ಕಳು, ಅನೇಕರು ದಾಸಿಯರು. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ಅಥೆನ್ಸಿನ ಆಡಳಿತ ಕುರಿತ ಗ್ರಂಥದ ಪ್ರಕಾರ ಅವರ ಕೂಲಿ 2 ದ್ರಾಖ್ಮಾ ಮೀರದಂತೆ ನೋಡಿಕೊಳ್ಳುವ ಅಧಿಕಾರಿಗಳಿದ್ದರು. ಒಬ್ಬಳಿಗಾಗಿ ಹಲವರು ಪೈಪೋಟಿ ಮಾಡಿದರೆ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಮನೆಯ ಹೆಂಡತಿ, ಮಗಳಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ಪ್ಲೇಟೋ ಚಿತ್ರಿಸಿದ ಪ್ರಸಿದ್ಧ ಗೋಷ್ಠಿಯಲ್ಲಿ ವಾದ್ಯ ಊದುವವಳನ್ನು ಆರಂಭದಲ್ಲೇ ಹೊರಗೆ ಕಳಿಸುತ್ತಾರೆ: ಬೇಕಾದರೆ ತನಗೆ ತಾನೇ ನುಡಿಸಿಕೊಳ್ಳಲಿ, ಇಲ್ಲವೇ ಒಳಗಿನ ಹೆಂಗಸರಿಗೆ ನುಡಿಸಲಿ ಎನ್ನುತ್ತಾರೆ. ಅದೇ ರಾತ್ರಿ ಸಾಕ್ರಟಿಸ್ ಪ್ರೀತಿಯನ್ನು ಕುರಿತು ತಾನು ತಿಳಿದದ್ದೆಲ್ಲ ಡಯೊಟಿಮಾ ಎಂಬ ಹೆಣ್ಣಿನಿಂದ ಕಲಿತದ್ದು ಎನ್ನುತ್ತಾನೆ. ಹೆಣ್ಣಿನ ಅರಿವನ್ನು ಬರಮಾಡಿಕೊಂಡ ಕೋಣೆ ಹೆಣ್ಣನ್ನು ಸಮಾನಳಾಗಿ ಕೂರಿಸಲಿಲ್ಲ. ಈ ಗೋಷ್ಠಿಗಳ ದೊಡ್ಡ ಕಳಂಕ ವೈನಲ್ಲ, ಇದು.

ಪ್ಲೇಟೋನ ಆ ಕೃತಿಯನ್ನು ಕುಡಿತದ ಹೊಗಳಿಕೆಯೆಂದು ಓದಲು ಸಾಧ್ಯವೇ ಇಲ್ಲ. ಕ್ರಿ.ಪೂ. 416ರಲ್ಲಿ ದುರಂತ ನಾಟಕಕ್ಕೆ ಬಹುಮಾನ ಪಡೆದ ಅಗಾಥಾನನ ಮನೆಯಲ್ಲಿ ಸೇರಿದವರು ಹಿಂದಿನ ದಿನದ ಕುಡಿತದಿಂದ ಬಳಲಿದ್ದಾರೆ. ವೈದ್ಯ ಎರಿಕ್ಸಿಮಾಕಸನ ಸಲಹೆಯಂತೆ ಯಾರನ್ನೂ ಒತ್ತಾಯಿಸಬಾರದು, ಒಬ್ಬೊಬ್ಬರೂ ಪ್ರೀತಿಯ ದೇವತೆಯನ್ನು ಕುರಿತು ಮಾತಾಡಬೇಕು ಎಂದು ತೀರ್ಮಾನವಾಗುತ್ತದೆ. ಆ ಶಿಸ್ತನ್ನು ಮುರಿಯುವುದು ಕುಡಿದು ನುಗ್ಗುವ ಅಲ್ಸಿಬಯಾಡಿಸ್. ಸುಮಾರು 2 ಲೀಟರ್ ಹಿಡಿಯುವ ಪಾತ್ರೆಯನ್ನು ಬರಿದು ಮಾಡಿ, ಸಾಕ್ರಟಿಸನಿಗೂ ಅಷ್ಟೇ ತುಂಬಿಸುತ್ತಾನೆ. ಬೆಳಗಿನ ಜಾವ ಎಲ್ಲರೂ ನಿದ್ದೆಗೆ ಜಾರಿದಾಗ, ದುರಂತವನ್ನೂ ಪ್ರಹಸನವನ್ನೂ ಒಬ್ಬನೇ ಬರೆಯಬಲ್ಲವನಾಗಿರಬೇಕೆಂದು ವಾದಿಸುತ್ತಿದ್ದ ಸಾಕ್ರಟಿಸ್ ಎದ್ದು ಹೋಗಿ ಸ್ನಾನ ಮಾಡಿ ಎಂದಿನಂತೆ ದಿನ ಕಳೆಯುತ್ತಾನೆ. ತತ್ತ್ವಚಿಂತನೆಗೆ ವೈನ್ ಬೇಕಿಲ್ಲ ಎಂಬ ನಿಮ್ಮ ಮಾತನ್ನು ಅವನೂ ಅಲ್ಲಗಳೆಯುತ್ತಿರಲಿಲ್ಲ. ಬಾಡಿಗೆಯ ಸಂಗೀತವಿಲ್ಲದೆ ತಮ್ಮ ದನಿಯಲ್ಲೇ ಮಾತಾಡಿಕೊಳ್ಳಬಲ್ಲವರು ಶಿಕ್ಷಿತರು ಎಂದು ಪ್ಲೇಟೋ ಬೇರೊಂದು ಕಡೆ ಅವನ ಬಾಯಿಂದಲೇ ಹೇಳಿಸಿದ್ದಾನೆ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಎಂದಿರಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದ ವಿಷಯ ನಿಮಗೆ ತಿಳಿದೇ ಇರುತ್ತದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಚಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಲು ಅವಳ ಕಡೆಯವರು ಇಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ವೈನ್ ಕುಡಿಸುತ್ತಾರೆ. ಅದರಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡವೆಂದು ಹುಲ್ಟ್ಜ್ 1904ರಲ್ಲಿ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಆ ಜಾಡಿನಲ್ಲಿ ದುಡಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಭಾಷೆಯ ವಿವಾದ ಹೇಗೇ ಇರಲಿ, ಹಾಸ್ಯದ ಮೂಲ ಸ್ಪಷ್ಟ: ಈ ನಾಡಿನವರಿಗೆ ವೈನಿನ ರೂಢಿಯಿಲ್ಲ, ಸಿಕ್ಕರೆ ಹಾಗೇ ಕುಡಿದುಬಿಡುತ್ತಾರೆ ಎಂಬುದು. ಪದಾರ್ಥ ಬಂದು ಅದರ ಪದ್ಧತಿ ಬಾರದಿದ್ದರೆ ಏನಾಗುತ್ತದೆಂಬುದನ್ನು ಆ ದೃಶ್ಯ ತೋರಿಸುತ್ತದೆ. ಈ ಲೇಖನವನ್ನು ಪ್ರಕಟಿಸಲು ನನಗಿದ್ದ ಕಾರಣವೂ ಅದೇ.

ಇಂಥ ಬರಹ ತರುಣರ ಕೈಗೆ ಸಿಗಬಹುದೇ ಎಂಬ ನಿಮ್ಮ ಆತಂಕಕ್ಕೆ ಪ್ಲೇಟೋ ತನ್ನ ಇಳಿವಯಸ್ಸಿನಲ್ಲಿ ಬರೆದ ಕಾನೂನುಗಳ ಗ್ರಂಥವನ್ನೇ ಮುಂದಿಡುತ್ತೇನೆ. 18 ವರ್ಷದವರೆಗೆ ವೈನ್ ಮುಟ್ಟಲೇಬಾರದು. 30ರವರೆಗೆ ಮಿತವಾಗಿ, ಅಮಲೇರದಂತೆ. 40 ದಾಟಿದವರಿಗೆ ಮುಪ್ಪಿನ ಬಿಗುವನ್ನು ಸಡಿಲಿಸುವ ಔಷಧವಾಗಿ ಅದು ಸಲ್ಲುತ್ತದೆ. ಗೋಷ್ಠಿಯನ್ನು ನಡೆಸುವವನು ಮಾತ್ರ ಕುಡಿಯದೆ ಎಚ್ಚರದಲ್ಲಿರಬೇಕು. ಯುದ್ಧಕ್ಕೆ ಹೊರಟ ಸೈನಿಕ, ಅಧಿಕಾರದಲ್ಲಿರುವವನು, ಹಡಗು ನಡೆಸುವವನು, ಕರ್ತವ್ಯದಲ್ಲಿರುವ ನ್ಯಾಯಾಧೀಶ, ಇವರಾರೂ ಅದರ ರುಚಿಯನ್ನೇ ನೋಡಬಾರದು. ಈ ನಿಯಮಗಳನ್ನು ಪಾಲಿಸುವ ಊರಿಗೆ ಹೆಚ್ಚು ದ್ರಾಕ್ಷಿತೋಟಗಳೇ ಬೇಕಾಗುವುದಿಲ್ಲ ಎಂದು ಅವನು ಆ ಚರ್ಚೆಯನ್ನು ಮುಗಿಸುತ್ತಾನೆ.

ಸಂಪಾದಕ