ನನ್ನ ಜೀವ ನನ್ನದೇ ಅಂದಮೇಲೆ, ಆತ್ಮಹತ್ಯೆಯನ್ನು ತಡೆಯುವುದು ಸ್ವಾತಂತ್ರ್ಯಕ್ಕೆ ಅಡ್ಡಿಯಲ್ವಾ?

ಬೇರೆಯವರಿಗೆ ಹಾನಿಯಾಗದಿದ್ದರೆ ಯಾರನ್ನೂ ತಡೆಯಬಾರದು ಎಂದು 1859ರಲ್ಲಿ ವಾದಿಸಿದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರೇ ಒಂದು ಉದಾಹರಣೆ ಕೊಡುತ್ತಾರೆ. ಸೇತುವೆ ಕುಸಿಯುವಂತಿದೆ, ಒಬ್ಬ ಅದರ ಮೇಲೆ ಕಾಲಿಡಲು ಹೊರಟಿದ್ದಾನೆ, ಹೇಳಲು ಸಮಯವಿಲ್ಲ. ರಟ್ಟೆ ಹಿಡಿದು ಎಳೆದರೆ ಅವನ ಸ್ವಾತಂತ್ರ್ಯ ಕಿತ್ತುಕೊಂಡಂತಲ್ಲ. ಅವನಿಗೆ ದಾಟಬೇಕಿತ್ತು, ನೀರಿಗೆ ಬೀಳಬೇಕಿರಲಿಲ್ಲ.

ಸಾಯಬೇಕು ಅನ್ನುವವರಲ್ಲೂ ಬಹಳ ಮಂದಿಗೆ ಬೇಕಿರುವುದು ಸಾವಲ್ಲ, ಆ ನೋವು ನಿಲ್ಲಬೇಕು ಅಷ್ಟೇ. ಆ ಗಳಿಗೆ ದಾಟಿದರೆ ಮನಸ್ಸು ಬದಲಾಗುವುದೇ ಜಾಸ್ತಿ. ಹಾಗಾಗಿ ತಡೆಯುವುದು ಸರಿ ಅಂತೀನಿ. ಬದುಕುಳಿದವರನ್ನು ಜೈಲಿಗೆ ಹಾಕುವುದು ಮಾತ್ರ ಕ್ರೌರ್ಯ. ಇಂಗ್ಲೆಂಡ್ 1961ರಲ್ಲೇ ಆ ಕಾನೂನು ಕೈಬಿಟ್ಟಿತು. ವಾಸಿಯಾಗದ ಕಾಯಿಲೆಯವರು ತಿಂಗಳುಗಟ್ಟಲೆ ಯೋಚಿಸಿ ಕೇಳುವ ದಯಾಮರಣಕ್ಕೆ ಈ ಸೇತುವೆಯ ಮಾತು ಸಾಲದು, ಒಪ್ಪುತ್ತೇನೆ.

ಸಾಯಬೇಕು ಅನ್ನುವುದು ನಿಮ್ಮದೇ ಯೋಚನೆಯಾಗಿದ್ದರೆ, ಇವತ್ತೇ ಹತ್ತಿರದವರಿಗೋ ವೈದ್ಯರಿಗೋ ಹೇಳಿ.