ಗಂಡಭೇರುಂಡ ನಿಜಕ್ಕೂ ಇತ್ತೇ?

ಓದುಗರ ಪತ್ರ: ಬೇಲೂರಿನಲ್ಲಿ ಗಂಡಭೇರುಂಡದ ಶಿಲ್ಪ ನೋಡಿದ ಮಗಳು ‘ಈ ಹಕ್ಕಿ ಯಾವ ಕಾಡಲ್ಲಿತ್ತಪ್ಪಾ?’ ಅಂದಳು. ಹಿಂದೆ ಇದ್ದು ಅಳಿದುಹೋಯಿತು ಅಂತ ಕೆಲವರು ಹೇಳುತ್ತಾರೆ. ನಿಜವೇ?
– ಹಾಸನದ ಓದುಗ

ಸಂಪಾದಕರ ಉತ್ತರ: ಇಲ್ಲ, ಅಂಥ ಎರಡು ತಲೆಯ ಹಕ್ಕಿ ಎಲ್ಲೂ ಇರಲಿಲ್ಲ. ಮಗಳಿಗೆ ನೇರವಾಗಿಯೇ ಹೇಳಿ. ಎರಡು ತಲೆಯ ಹಾವು, ಆಮೆ ಎಲ್ಲೋ ಅಪರೂಪಕ್ಕೆ ಹುಟ್ಟುವುದುಂಟು. ಅದು ಭ್ರೂಣ ಬೆಳೆಯುವಾಗ ಆದ ಏರುಪೇರು, ಬೇರೆ ಜಾತಿಯಲ್ಲ. ಇನ್ನು ಭೇರುಂಡ ಆನೆಯನ್ನೇ ಎತ್ತುತ್ತಿತ್ತು ಎಂಬ ಮಾತು. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಭೇರುಂಡ ಕೊಕ್ಕಿನಲ್ಲೂ ಕಾಲಲ್ಲೂ ಆನೆಗಳನ್ನು ಹಿಡಿದಿದೆ. ಆದರೆ ಹಕ್ಕಿಯ ಉದ್ದ, ಅಗಲ, ದಪ್ಪ ಎಲ್ಲ 2 ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ 4 ಪಟ್ಟಾಗುತ್ತದೆ, ತೂಕ ಮಾತ್ರ 8 ಪಟ್ಟು! ಬೆಳೆದಷ್ಟೂ ನೆಲ ಬಿಟ್ಟು ಏಳುವುದೇ ಕಷ್ಟ.

ಹಾಗಂತ ದೈತ್ಯ ಬೇಟೆ ಹಕ್ಕಿ ಇರಲೇ ಇಲ್ಲ ಅನ್ನಬೇಡಿ. ನ್ಯೂಜಿಲೆಂಡಿನಲ್ಲಿ ಹಾಸ್ಟ್ ಈಗಲ್ ಎಂಬ ಹದ್ದಿತ್ತು. ಹೆಣ್ಣು 10ರಿಂದ 15 ಕೆ.ಜಿ. ತೂಗುತ್ತಿತ್ತು. ಅದರ ಬೇಟೆ ಮೋವಾ, ಹಾರಲಾರದ ಹಕ್ಕಿ. ದೊಡ್ಡ ಜಾತಿಯ ಮೋವಾ 200 ಕೆ.ಜಿ. ದಾಟುತ್ತಿತ್ತು. ಅಷ್ಟು ಭಾರ ಎತ್ತಲು ಯಾವ ಹದ್ದಿಗೂ ಆಗದು, ಹಾಗಾಗಿ ಇದು ಮೇಲಿಂದ ಎರಗಿ, ಉಗುರು ನೆಟ್ಟು, ಬಿದ್ದಲ್ಲೇ ತಿನ್ನುತ್ತಿತ್ತು. ಸುಮಾರು 700 ವರ್ಷಗಳ ಹಿಂದೆ ಅಲ್ಲಿಗೆ ಮನುಷ್ಯರು ಬಂದರು. ಮೋವಾಗಳನ್ನು ಬೇಟೆಯಾಡಿ ಮುಗಿಸಿದರು. ಊಟ ಹೋದ ಮೇಲೆ ಹದ್ದೂ ಉಳಿಯಲಿಲ್ಲ. ಇದಕ್ಕೆ ಮೂಳೆಗಳ ಸಾಕ್ಷಿ ಇದೆ. ಭೇರುಂಡಕ್ಕೆ ಇರುವುದು ಕಥೆ: ಶಿವನ ಮೃಗರೂಪವಾದ ಶರಭನನ್ನು ಎದುರಿಸಲು ನರಸಿಂಹ ತಾಳಿದ ರೂಪ ಅದು ಎನ್ನುತ್ತಾರೆ ವೈಷ್ಣವರು. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿನ ಭೇರುಂಡಕ್ಕಂತೂ ಮನುಷ್ಯನ ಮೈಯೇ ಇದೆ.

ಆದರೂ ಬೇಲೂರಿನ ಶಿಲ್ಪಿಯನ್ನು ಸುಮ್ನೆ ಕಲ್ಪನೆಗಾರ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಭೇರುಂಡ ಹಿಡಿಯುವ ಸಾಲನ್ನು ಆತ ಕೆತ್ತಿದ್ದಾನೆ. ಆನೆ ಹಾವು ತಿನ್ನುವುದಿಲ್ಲ, ಸರಿ. ಆದರೆ ಒಂದು ಜೀವದ ಮೇಲೆ ಇನ್ನೊಂದು ನಿಲ್ಲುತ್ತದೆ ಎಂಬುದನ್ನು ಆತ ಕಂಡಿದ್ದ, ಅಲ್ವಾ? ಎಲ್ಲದರ ತುದಿಗೆ ಹಕ್ಕಿಯನ್ನೇ ಕೂರಿಸಿದ್ದು ನನಗೆ ಬಹಳ ಇಷ್ಟ. ಹದ್ದು ಎರಗುವುದನ್ನು ನೋಡಿದವರಿಗೆ ಅದು ಅರ್ಥವಾಗುತ್ತದೆ.

ಮಗಳಿಗೆ ಇನ್ನೊಂದು ವಿಷಯ ಹೇಳಿ. ಹಾಸ್ಟ್ ಈಗಲ್‌ನ ಹಳೆಯ ಮೂಳೆಯ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಅದರ ಹತ್ತಿರದ ನೆಂಟರು ಆಸ್ಟ್ರೇಲಿಯಾದ ಲಿಟಲ್ ಈಗಲ್ ಮತ್ತು ಬೂಟೆಡ್ ಈಗಲ್. ಎರಡೂ ಸುಮಾರು 1 ಕೆ.ಜಿ. ತೂಗುವ ಪುಟ್ಟ ಹದ್ದುಗಳು! ಬೂಟೆಡ್ ಈಗಲ್ ಚಳಿಗಾಲಕ್ಕೆ ನಮ್ಮ ಕರ್ನಾಟಕಕ್ಕೂ ಬರುತ್ತದೆ. ಡಿಸೆಂಬರಿನಲ್ಲಿ ಬಯಲಿನ ಕಡೆ ಹೋಗಿ ಇಬ್ಬರೂ ಹುಡುಕಿ. ಕಂಡರೆ ಪತ್ರವನ್ನು ಅವಳೇ ಬರೆಯಲಿ.